ಬೆಟ್ಟದ ಬುಡದಲ್ಲಿ ಕುಳಿತ ಪೂಜಾರಿ

"ಗುರುಗಳೇ, ವಿಜ್ಞಾನ ಕಲಿತವನು ದೇವರನ್ನು ನಂಬಬಹುದೇ?"

ಕೇಳಿದವನು ಗುರುಶಾಂತ, ಪಟ್ಟಣದ ಕಾಲೇಜಿನಲ್ಲಿ ಓದಿ ಮಠಕ್ಕೆ ಬಂದ ಶಿಷ್ಯ. ಈ ಪ್ರಶ್ನೆ ಬಹಳ ದಿನದಿಂದ ಅವನನ್ನು ಕೊರೆಯುತ್ತಿತ್ತು. "ಒಂದೊಂದರ ಕಾರಣ ತಿಳಿದಂತೆಲ್ಲ ದೇವರಿಗೆ ಉಳಿದ ಜಾಗ ಗೇಣುಗೇಣು ಕಡಿಮೆಯಾಗುತ್ತಿದೆ. ಪೂಜೆಗೆ ಕುಳಿತರೆ ಕೈ ಮುಂದೆ ಹೋಗುವುದಿಲ್ಲ. ಎರಡರಲ್ಲಿ ಒಂದನ್ನು ಬಿಟ್ಟುಬಿಡಲೇ?" ಎಂದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಬೆಟ್ಟದ ಮೇಲೆ ನಾಗಪ್ಪನ ಗುಡಿ ಇತ್ತು. ಅದಕ್ಕೊಬ್ಬ ಪೂಜಾರಿ. ಅವನ ಅಜ್ಜನ ಕಾಲದಿಂದಲೂ ಹಾವು ಕಚ್ಚಿದವರನ್ನು ಆ ಗುಡಿಗೆ ಹೊತ್ತು ತರುತ್ತಿದ್ದರು. ಹಾವು ಎಂಬ ಹೆಸರನ್ನು ಬಾಯಲ್ಲಿ ಹೇಳಬಾರದೆಂದು, 'ಹುಳ ಮುಟ್ಟಿದೆ, ಪೂಜಾರಪ್ಪ' ಎನ್ನುತ್ತಿದ್ದರು. ಪೂಜಾರಿ ಗಾಯಕ್ಕೆ ಹುತ್ತದ ಮಣ್ಣು ಹಚ್ಚಿ, ಕೈಗೆ ಅರಿಸಿನದ ದಾರ ಕಟ್ಟಿ, ಮಂತ್ರ ಹೇಳುತ್ತಿದ್ದ. ದೀಪ ಹಚ್ಚುವ ಹೊತ್ತಿನವರೆಗೆ ಅವರು ಗುಡಿಯ ಅಂಗಳ ಬಿಟ್ಟು ಏಳಬಾರದು. ಬದುಕಿದವರು ನಾಗಪ್ಪನ ಹೆಸರನ್ನು ಊರೂರಿಗೆ ಸಾರಿದರು. ಸತ್ತವರಿಗೆ ಆಯುಷ್ಯ ತೀರಿತ್ತು ಎಂದು ಜನ ಸಮಾಧಾನ ಮಾಡಿಕೊಂಡರು. ಪೂಜಾರಿಯೂ ಹಾಗೆಯೇ ತಿಳಿದಿದ್ದ. ಅವನಲ್ಲಿ ಮೋಸವಿರಲಿಲ್ಲ.

ಒಂದು ದಿನ ಸೌದೆ ಕಡಿಯುವವನೊಬ್ಬ ಹುಳ ಮುಟ್ಟಿದ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿದ. ಬಂದಾಗ ಅವಳು ಚೆನ್ನಾಗಿಯೇ ಮಾತನಾಡುತ್ತಿದ್ದಳು. ಕುಡಿಯಲು ನೀರು ಕೇಳಿದಳು. ಪೂಜಾರಿ ಯಾವ ಲೋಪವೂ ಇಲ್ಲದಂತೆ ದಾರ ಕಟ್ಟಿದ. ಮಧ್ಯಾಹ್ನದ ಹೊತ್ತಿಗೆ ಅವಳ ರೆಪ್ಪೆಗಳು ಇಳಿದವು. ಬಿಸಿಲು ಇಳಿಯುವ ಮೊದಲೇ ಉಸಿರು ನಿಂತಿತು. ಗಂಡ ಒಂದು ಮಾತೂ ಬೈಯಲಿಲ್ಲ. ಪೂಜಾರಿಯ ಪಾದ ಮುಟ್ಟಿ ನಮಸ್ಕರಿಸಿ, ಹೆಣವನ್ನು ಬೆನ್ನಿಗೇರಿಸಿಕೊಂಡು ಬೆಟ್ಟ ಇಳಿದ. ಬೈದಿದ್ದರೆ ಪೂಜಾರಿ ಮರೆಯುತ್ತಿದ್ದನೇನೋ. ಆ ನಮಸ್ಕಾರವನ್ನು ಅವನಿಗೆ ಅರಗಿಸಿಕೊಳ್ಳಲಾಗಲಿಲ್ಲ.

ಮರುದಿನ ಅವನು ಪಟ್ಟಣದ ಆಸ್ಪತ್ರೆಗೆ ನಡೆದುಹೋದ. ಅಲ್ಲೊಬ್ಬ ವೈದ್ಯೆ ಇದ್ದಳು. ನಡೆದದ್ದನ್ನೆಲ್ಲ ಅವಳಿಗೆ ಹೇಳಿ, "ನನ್ನ ದಾರದಿಂದ ಬದುಕಿದವರೂ ಬಹಳ ಮಂದಿ ಇದ್ದಾರಲ್ಲ, ತಾಯಿ?" ಎಂದು ಕೇಳಿದ.

"ಹೆಚ್ಚಿನ ಹಾವುಗಳಿಗೆ ವಿಷವಿಲ್ಲ" ಎಂದಳು ವೈದ್ಯೆ. "ಅವು ಕಚ್ಚಿದವರು ದಾರ ಕಟ್ಟಿದರೂ ಬದುಕುತ್ತಾರೆ, ಕಟ್ಟದಿದ್ದರೂ ಬದುಕುತ್ತಾರೆ. ವಿಷ ಏರಿದವರಿಗೆ ಬೇಕಾದ ಮದ್ದು ಇಲ್ಲಿದೆ. ಆದರೆ ಅವರು ಹೊತ್ತಿಗೆ ಸರಿಯಾಗಿ ಬರಬೇಕು."

"ಹಾಗಾದರೆ ನಾನು ಜನರನ್ನು ಕೊಂದೆನೇ?"

"ನೀವು ಕೊಲ್ಲಲಿಲ್ಲ. ತಡ ಮಾಡಿಸಿದಿರಿ."

ಅವನು ಬೆಟ್ಟಕ್ಕೆ ಮರಳಿ ಗರ್ಭಗುಡಿಯ ಮುಂದೆ ಕುಳಿತ. ತಾನು ದಾರ ಕಟ್ಟಿದ ಕೈಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಗುಡಿಗೆ ಬೀಗ ಹಾಕಿ ಎಲ್ಲಾದರೂ ಹೋಗಿಬಿಡೋಣ ಎನ್ನಿಸಿತು. ಆದರೆ ತಾನು ಹೋದರೆ ಇನ್ನೊಬ್ಬ ಬಂದು ದಾರ ಕಟ್ಟುತ್ತಾನೆ, ಜನ ಬೆಟ್ಟ ಹತ್ತುತ್ತಲೇ ಇರುತ್ತಾರೆ. ಮರುದಿನ ಬೆಳಗಿನ ಪೂಜೆ ಮುಗಿಸಿ ಅವನು ಕೆಳಗಿಳಿದ. ಮೆಟ್ಟಿಲು ಶುರುವಾಗುವ ಕಡೆ ಒಂದು ಕಲ್ಲಿನ ಮೇಲೆ ಕುಳಿತ. ಹುಳ ಮುಟ್ಟಿದವರು ಮೊದಲು ಆಸ್ಪತ್ರೆಗೆ, ಆಮೇಲೆ ಗುಡಿಗೆ ಎಂದು ಬಂದವರಿಗೆಲ್ಲ ಹೇಳಿದ.

ಅವನು ಹಾಗೆ ಕಳಿಸಿದ ಮೊದಲನೆಯವನು ಆಸ್ಪತ್ರೆಯಲ್ಲಿ ಸತ್ತ. ಊರು ಹೊತ್ತಿಕೊಂಡಿತು. ನಾಗಪ್ಪ ಮುನಿದಿದ್ದಾನೆ, ಪೂಜಾರಿಗೆ ದೇವರಲ್ಲಿ ನಂಬಿಕೆ ಹೋಗಿದೆ ಎಂದರು. ಕೆಲವರು ಅವನ ಮುಂದೆ ಉಗುಳಿ ಹೋದರು. ಅವನು ಕಲ್ಲು ಬಿಟ್ಟು ಏಳಲಿಲ್ಲ.

ಸುಗ್ಗಿಯ ಕಾಲದಲ್ಲಿ ಒಂದು ಬೆಳಗ್ಗೆ ಅವನ ಅಣ್ಣ ಹೊಲದಿಂದ ಓಡಿಬಂದ. ಅವನ ತೋಳುಗಳಲ್ಲಿ ಹೆಂಡತಿ ಇದ್ದಳು. ತಾಯಿಯಿಲ್ಲದ ಪೂಜಾರಿಯನ್ನು ಸಾಕಿ ಬೆಳೆಸಿದವಳು ಆ ಅತ್ತಿಗೆ. ಅವಳ ಪಾದ ಆಗಲೇ ಊದಿತ್ತು.

"ಊರವರ ಮಾತು ಹಾಗಿರಲಿ" ಎಂದ ಅಣ್ಣ. "ಇವಳು ನಿನಗೆ ಅನ್ನ ಇಟ್ಟವಳು. ಒಂದು ದಾರ ಕಟ್ಟೋ. ನಿನ್ನ ಕಾಲು ಹಿಡಿಯುತ್ತೇನೆ."

"ಅನ್ನ ಇಟ್ಟವಳು ಅಂತಲೇ ಕಟ್ಟುವುದಿಲ್ಲ ಅಣ್ಣ. ಗಾಡಿಗೆ ಹತ್ತಿಸು."

ಪಟ್ಟಣಕ್ಕೆ ಹೊರಟಿದ್ದ ಹಾಲಿನ ಗಾಡಿಯನ್ನು ಅವನು ಅಡ್ಡ ನಿಂತು ತಡೆದ. ಅಣ್ಣ ಕೈ ಎತ್ತಿದ. ಪೂಜಾರಿ ಹೊಡೆತ ತಿಂದೇ ಅತ್ತಿಗೆಯನ್ನು ಗಾಡಿಯೊಳಗೆ ಮಲಗಿಸಿದ. ಹಾಲಿನ ಕ್ಯಾನುಗಳ ನಡುವೆ ಕುಳಿತು ಅವಳ ಕಾಲು ಅಲುಗದಂತೆ ಹಿಡಿದುಕೊಂಡ.

ಗಾಡಿ ಓಡತೊಡಗಿತು. ಪೂಜಾರಿ ದೇವರನ್ನು ಕರೆಯಲು ಬಾಯಿ ತೆರೆದ. ಇಷ್ಟು ವರ್ಷ ಮಂತ್ರ ಹೇಳುವಾಗ ಅವನಿಗೆ ಭಯವೆಂಬುದೇ ಇರುತ್ತಿರಲಿಲ್ಲ. ವಿಷ ಇಳಿಸುವ ಶಕ್ತಿ ತನ್ನ ಬೆರಳಲ್ಲಿದೆ ಎಂದು ತಿಳಿದಿದ್ದ. ಈಗ ಬೆರಳಲ್ಲಿ ಏನೂ ಇರಲಿಲ್ಲ. ಅತ್ತಿಗೆ ಬದುಕುವಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಕಲಿತ ಮಂತ್ರ ಒಂದೂ ನಾಲಿಗೆಗೆ ಬರಲಿಲ್ಲ. "ಅಪ್ಪಾ, ಉಳಿಸಿದರೂ ನೀನೇ, ಒಯ್ದರೂ ನೀನೇ. ಈ ದಾರಿಯನ್ನು ಮಾತ್ರ ನಾನು ಬಿಡುವುದಿಲ್ಲ" ಎಂದ. ಪಟ್ಟಣ ಮುಟ್ಟುವವರೆಗೆ ಅದನ್ನೇ ಹೇಳುತ್ತಿದ್ದ. ಕಣ್ಣೀರು ಸುರಿಯುತ್ತಿತ್ತು. ಹಿಡಿದ ಕೈ ಸಡಿಲವಾಗಲಿಲ್ಲ.

ವೈದ್ಯೆ ಮದ್ದು ಕೊಟ್ಟಳು. ಅತ್ತಿಗೆ ಬದುಕಿದಳು. ಅಣ್ಣ ಬಹಳ ಕಾಲ ತಮ್ಮನೊಡನೆ ಮಾತು ಬಿಟ್ಟಿದ್ದ. ಹೊಡೆದ ನಾಚಿಕೆಗೋ, ಸಿಟ್ಟಿಗೋ, ಯಾರೂ ಕೇಳಲಿಲ್ಲ. ಪೂಜಾರಿ ಬೆಳಗ್ಗೆ ಬೆಟ್ಟದ ಮೇಲೆ ಪೂಜೆ ಮಾಡಿ, ಹಗಲೆಲ್ಲ ಬೆಟ್ಟದ ಬುಡದಲ್ಲಿ ಕುಳಿತಿರುತ್ತಿದ್ದ. ನಿಧಾನವಾಗಿ ಊರು ದಾರಿ ಬದಲಿಸಿತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಗುರುಶಾಂತನಿಗೆ ಸಮಾಧಾನವಾಗಲಿಲ್ಲ. "ಅಷ್ಟೆಲ್ಲ ತಿಳಿದ ಮೇಲೂ ಆ ಪೂಜಾರಿಗೆ ದೇವರಲ್ಲಿ ನಂಬಿಕೆ ಉಳಿಯಿತೇ, ಗುರುಗಳೇ?" ಎಂದು ಕೇಳಿದ.

ಗುರುಗಳು ಅವನ ಮುಖವನ್ನು ನೋಡಿದರು.

"ಉಳಿಯಿತೇ ಎಂದು ಕೇಳುತ್ತೀಯಲ್ಲ, ಹಾಲಿನ ಗಾಡಿ ಹತ್ತುವ ಮೊದಲು ಅವನಿಗೆ ನಂಬಿಕೆ ಇತ್ತೇ?"