ಗಾಳೆವ್ವ ತವರುಹಂದಿಗೆ ಬೆದೆ ತರಿಸಿದ್ದು

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡದಿದ್ದ ಕಾಲ. ಒಂದೂರಲ್ಲಿ, ಇದೇ ಹಳ್ಳದ ದಂಡೇಲಿ, ಬುಟ್ಟಿ ಹೆಣೆದು ಹಂದಿ ಸಾಕೋರ ಹಟ್ಟಿ ಇತ್ತಂತೆ. ಅಲ್ಲಿ ಗಾಳೆವ್ವ ಅಂತ ಒಬ್ಬಳಿದ್ದಳಂತೆ. ಮೂಗು ಮುಚ್ಕೋಬ್ಯಾಡ್ರೇ, ಹಂದಿ ಕತೆ ಬೇಡಾದೋರು ಎದ್ದು ಹೋಗ್ರಿ. ಹಂದಿ ಗುಟುರು ಹಾಕಿದ್ರೆ ಹಸಿವೋ, ನೋವೋ, ಬೆದೆಯೋ ಅಂತ ಗೋಡೆ ಆಚೆಯಿಂದಲೇ ಹೇಳ್ತಿದ್ದಳಂತೆ. ಹಂದಿಗಳೇ ಅವಳ ಕಿವೀಲಿ ಹೇಳ್ತಿದ್ವು ಅಂತಾರೆ. ನಾನೇನು ನೋಡಿಲ್ಲಪ್ಪ.

ಆ ಹಟ್ಟಿಗೊಂದು ಪದ್ಧತಿ. ಹೊಸ ಸೊಸೆ ತವರಿಂದ ಒಂದು ಹೆಣ್ಣು ಹಂದಿಮರಿ ತರಬೇಕು. ಅದನ್ನ ಹಿತ್ತಲಲ್ಲಿ ಒಂಟಿಯಾಗಿ ಕಟ್ಟಬೇಕು. ಅದು ತಾನಾಗೇ ಬೆದೆಗೆ ಬರೋ ತನಕ ಗಂಡುಹಂದಿ ಹತ್ರ ಸುಳೀಬಾರದು. ಆ ಹಂದಿ ಈದರೆ ಸೊಸೆಯೂ ಹೆರ್ತಾಳೆ ಅನ್ನೋ ನಂಬಿಕೆ.

ದುರುಗಿ ಅನ್ನೋ ಸೊಸೆ ತಂದ ಹಂದಿ ಬೆಳೀತು, ಕೊಬ್ಬಿತು, ಬೆದೆಗೆ ಮಾತ್ರ ಬರಲಿಲ್ಲ. ಗೊಡ್ಡುಹಂದಿ ತಂದವಳು ತಾನೂ ಗೊಡ್ಡೇ ಅಂದಳಂತೆ ಅತ್ತೆ ಮಾರಕ್ಕ. ಹಂದಿ ಕಡಿಸಿ ಸೊಸೇನ ತವರಿಗೆ ಅಟ್ಟೋದು ಅಂತ ತೀರ್ಮಾನ ಮಾಡಿದಳು. ಆ ಹುಡುಗಿಗೆ ತವರಲ್ಲಿ ಯಾರೂ ಉಳಿದಿರಲಿಲ್ಲ ಕಣ್ರೇ. ಹೇಳೋಕೇ ಹೊಟ್ಟೆ ಉರಿಯುತ್ತೆ ನಂಗೆ.

ಸುದ್ದಿ ಕೇಳಿ ಗಾಳೆವ್ವ ಬಂದಳಂತೆ. ಹಂದಿಯ ಮೈ ಸವರಿ ನೋಡಿ, ಇದು ಗೊಡ್ಡಲ್ಲ, ಗಂಡಿನ ವಾಸನೆ ಕಾಣದೆ ಇದರ ಮೈಯೇ ಎದ್ದಿಲ್ಲ ಅಂದಳಂತೆ. ತನ್ನ ಕೋರೆಹಲ್ಲಿನ ಗಂಡುಹಂದೀನ ತಂದು ಬಿದಿರುಬೇಲಿ ಆಚೆ ಕಟ್ಟಿದಳು. ಅದರ ಬಾಯಿ ನೊರೇನ ಸೆರಗಲ್ಲಿ ಒರೆಸಿ ಇದರ ಮೂತಿಗೆ ಹಿಡಿದಳು. ಹಟ್ಟಿಯೋರೆಲ್ಲ ಬಿದ್ದು ಬಿದ್ದು ನಕ್ಕರಂತೆ.

ಹಿಂಗೇ ನಾಲ್ಕಾರು ದಿನ ಆಗೋದರಲ್ಲಿ ಮೈಯೊಳಗೆ ಅದೇನು ರಸ ಎದ್ದಿತೋ! ಹಂದಿ ಗಂಜಿ ಬಿಟ್ಟಿತು, ಕಿವಿ ನಿಮಿರಿಸಿತು, ಹಿಂದೆ ಕೆಂಪಗೆ ಊದಿತು. ಮಾರಕ್ಕ ಆಗಲೇ ಬೇಲಿ ಬಿಚ್ಚೋಕೆ ಓಡಿದಳಂತೆ. ಗಾಳೆವ್ವ ಅಡ್ಡ ನಿಂತಳು. ಮೈ ನೆರೆದ ಕೂಡಲೇ ಬಸಿರು ಹೊರಿಸಬೇಡ, ಮೈ ಬಲಿಯಲಿ, ಇನ್ನೊಂದೆರಡು ಸಲ ಬೆದೆ ಬಂದು ಹೋಗಲಿ ಅಂದಳಂತೆ. ಕೊನೆಗೊಂದು ಬೆಳಿಗ್ಗೆ ಬೆನ್ನ ಮೇಲೆ ಕೈಯೂರಿದರೆ ಹಂದಿ ಕದಲದೆ ಕಲ್ಲಿನಂಗೆ ನಿಂತಿತು, ಗಂಡಿಗೆ ಒಪ್ಪಿದ ಗುರುತು ಅದು. ಆಗ ಗಾಳೆವ್ವ ತಾನೇ ಬೇಲಿ ಬಿಚ್ಚಿದಳು. ಅದು ಈದಾಗ ಮರಿಗಳಿಗೆ ಮೊಲೆ ಸಾಲಲಿಲ್ಲವಂತೆ.

ಮಾರಕ್ಕ ಹಲ್ಲು ಕಿರಿದು, ಇನ್ನು ಸೊಸೆ ಯಾವಾಗ ಹೆರ್ತಾಳೆ ಅಂತ ಕೇಳಿದಳಂತೆ.

"ಹಂದಿ ಪಾಡು ಹಂದಿಗೆ, ಹೆಣ್ಣಿನ ಪಾಡು ಹೆಣ್ಣಿಗೆ," ಅಂದಳು ಗಾಳೆವ್ವ. "ಹೆತ್ತರೂ ನಿನ್ನ ಸೊಸೆ, ಹೆರದಿದ್ರೂ ನಿನ್ನ ಸೊಸೆ."

ದುರುಗಿ ಹೆರಲೇ ಇಲ್ಲವಂತೆ. ಆದರೂ ತಲೆ ನೆರೆಯೋ ತನಕ ಆ ಮನೇಲೇ ಬಾಳಿದಳು, ಹಿಂಡಿಗೆಲ್ಲ ಅವಳೇ ಯಜಮಾನಿ.

ಇವತ್ತಿಗೂ ಈ ಹಟ್ಟೀಲಿ ಸೊಸೆ ತಂದ ಹಂದೀನ ಅತ್ತೆಯೇ ಗಂಡುಹಂದಿ ಬೇಲಿ ಪಕ್ಕ ಕಟ್ಟುತ್ತಾಳೆ. ಸೊಸೇನ ಮಾತ್ರ ವಿಶೇಷ ಏನಾದ್ರೂ ಇದೆಯಾ ಅಂತ ಕೇಳೋ ಹಂಗಿಲ್ಲ. ಬಾಯಿತಪ್ಪಿ ಕೇಳಿದ ಅತ್ತೆ ಗಾಳೆವ್ವನ ಹೆಸರು ಹೇಳಿ ಹಂದಿಗೂಡಿನ ಹೊಲಸು ತಾನೇ ಬಳಿಬೇಕು. ನಮ್ಮತ್ತೆಯೂ ಬಳಿದಾಳೆ, ನಾನು ಪಕ್ಕದಲ್ಲೇ ನಿಂತು ನೋಡಿದೀನಿ.