ಗೀಸರ್ ಒಂದು, ಕಾಯಿಲ್ ಎರಡು

ದಸ್ತಗಿರ್ ಮೇಸ್ತ್ರಿಯ ರಿಪೇರಿ ಅಂಗಡಿಗೆ ಒಂದು ಗೀಸರ್ ಬಂತು. ನೀರು ಕಾಯಿಸುವ ಅದರ ಹಳೆಯ ಕಾಯಿಲ್ ಉಪ್ಪು ಕಟ್ಟಿ ಕಪ್ಪಾಗಿತ್ತು. ಬದಲಿಗೆಂದು ಗಿರಾಕಿ ಥಳಥಳಿಸುವ ಹೊಸ ಕಾಯಿಲೊಂದನ್ನು ತಂದಿದ್ದ. ಗೀಸರಿಗೆ ಬೇಕಾದದ್ದು ಒಂದೇ, ಇನ್ನೊಂದು ಗುಜರಿಗೆ.

ಮೇಸ್ತ್ರಿ, ಕರೆಂಟು ಹರಿದರೆ ಉರಿಯುವ ಟೆಸ್ಟ್ ಲ್ಯಾಂಪಿನ ಎರಡು ವೈರುಗಳನ್ನು ಹೊಸದರ ಎರಡು ತುದಿಗೆ ಮುಟ್ಟಿಸಿದ. ಲ್ಯಾಂಪ್ ಉರಿಯಿತು. ಒಂದು ವೈರನ್ನು ಅಲ್ಲೇ ಇಟ್ಟು ಇನ್ನೊಂದನ್ನು ಅದರ ಹೊರಗಿನ ಲೋಹದ ಮೈಗೆ ಮುಟ್ಟಿಸಿದ. ಆಗಲೂ ಉರಿಯಿತು.

"ಕಂಡಿರಾ? ಎಲ್ಲಿ ಮುಟ್ಟಿದರೂ ಬೆಳಕು!" ಎಂದು ಹೊಸದು ಬೀಗಿತು.

ಹಳೆಯದರ ತುದಿಗಳಿಗೆ ಮುಟ್ಟಿಸಿದಾಗ ಲ್ಯಾಂಪ್ ಉರಿಯಿತು. ಮೈಗೆ ಮುಟ್ಟಿಸಿದರೆ ಮಿಣಕ್ ಎನ್ನಲಿಲ್ಲ.

"ಅಜ್ಜನಿಗೆ ಅರ್ಧ ಜೀವ ಹೋಗಿದೆ. ಗುಜರಿ ಬುಟ್ಟಿಗೆ ನಡಿ ಅಜ್ಜ!" ಎಂದು ಹೊಸದು ನಕ್ಕಿತು.

"ನನಗೆ ಬಂದ ಕರೆಂಟು ನನ್ನೊಳಗೇ ಹರಿದು ಹೋಗುತ್ತದೆ, ತಮ್ಮಾ. ಅದನ್ನು ಮೈಗೆ ಬಿಟ್ಟುಕೊಂಡರೆ ನೀರಿಗೂ ಇಳಿಯುತ್ತದೆ; ಆಗ ನಲ್ಲಿಗೆ ಕೈಯಿಟ್ಟವರ ಗತಿಯೇನು?" ಎಂದಿತು ಹಳೆಯದು.

ಹೊಸದು ಲ್ಯಾಂಪಿನ ಕಡೆ ತಿರುಗಿತು. "ಲ್ಯಾಂಪಣ್ಣ, ನನಗಾಗಿ ಎರಡು ಸಲ ಉರಿದವರು ನೀವು. ನೀವೇ ಹೇಳಿ."

"ಮೊದಲ ಸಲ ಉರಿದದ್ದು ನಿನ್ನ ಪರ. ಎರಡನೆಯದು ನಿನ್ನ ಮೇಲಿನ ದೂರು," ಎಂದಿತು ಲ್ಯಾಂಪ್.

ಹೊಸದು ಠಣ್ಣೆಂದು ಬುಟ್ಟಿಗೆ ಬಿತ್ತು. ಮೇಸ್ತ್ರಿ ಹಳೆಯದರ ಉಪ್ಪು ಕೆರೆದು ಗೀಸರಿನೊಳಗೆ ಕೂರಿಸಿ, ನೀರು ತುಂಬಿಸಿ, ಸ್ವಿಚ್ ಹಾಕಿದ. ಸ್ವಲ್ಪ ಹೊತ್ತಿಗೇ ನಲ್ಲಿಯಿಂದ ಹಬೆಯಾಡುವ ನೀರು ಸುರಿಯಿತು. ಗಿರಾಕಿ ಅಂಜಿಕೆಯಿಲ್ಲದೆ ಕೈಯೊಡ್ಡಿದ.

ಸರಕು ಎಲ್ಲಿ ಬೆಳಗುತ್ತದೆ ಎಂದು ಎಲ್ಲರೂ ನೋಡುತ್ತಾರೆ. ಬೆಳಗಬಾರದ ಕಡೆ ಸುಮ್ಮನಿದೆಯೇ ಎಂದೂ ನೋಡಿದ ಮೇಲೆ ಕೊಳ್ಳುವವನು ಮೋಸಹೋಗುವುದಿಲ್ಲ.