ಆಮೆಗಳ ಒಪ್ಪಿಗೆ

ಕೆರೆ ಏರಿಯ ಬುಡದಿಂದ ಕಾಡುಹಂದಿಯ ಮೂಗಿಗೆ ಗೆಡ್ಡೆಗಳ ವಾಸನೆ ಬಡಿಯಿತು. ಅಲ್ಲೊಂದು ಗಣಿ ತೋಡಬೇಕೆಂದರೆ ಕೆರೆಯ ಆಮೆಗಳು ಒಪ್ಪಬೇಕಿತ್ತು. ಹಂದಿ ಏರಿಯ ಮೇಲೆ ಸಭೆ ಕರೆದು, ನರಿಯನ್ನು ಅಧ್ಯಕ್ಷನಾಗಿ ಕೂರಿಸಿತು.

ಆಮೆಗಳು ಬಂದವು. ನರಿಯ ಹಲ್ಲು ಕಂಡದ್ದೇ ತಡ, ಎಲ್ಲವೂ ತಲೆ ಒಳಗೆಳೆದುಕೊಂಡವು.

"ಯಾರದಾದರೂ ತಕರಾರು ಇದೆಯೇ?" ಎಂದು ನರಿ ಕೇಳಿತು. ಒಂದು ತಲೆಯೂ ಹೊರಬರಲಿಲ್ಲ. "ಹಾಗಾದರೆ ಎಲ್ಲರೂ ಒಪ್ಪಿದ್ದಾರೆ."

ಮಾತು ಮುಗಿಯುವ ಮೊದಲೇ ಹಂದಿ ಏರಿಗೆ ಕೋರೆ ಹಾಕಿತು. ಮಣ್ಣು ಕುಸಿದು ನೀರು ಜಿನುಗತೊಡಗಿತು.

ಆಗ ಮುದಿ ಆಮೆಯೊಂದು ಕತ್ತು ಹೊರಚಾಚಿತು. "ಏರಿ ಒಡೆದು ಕೆರೆ ಬರಿದಾಗಲೆಂದು ಒಪ್ಪಿದವರು ಯಾರು?"

"ನೀವೇ! ಒಬ್ಬರೂ ಬಾಯಿ ಬಿಡಲಿಲ್ಲವಲ್ಲ," ಎಂದಿತು ನರಿ.

"ನಮ್ಮನ್ನು ತಿನ್ನುವವನನ್ನೇ ಎದುರಿಗೆ ಕೂರಿಸಿ ಅಭಿಪ್ರಾಯ ಕೇಳುತ್ತೀರಿ. ಹೆದರಿ ಮುದುಡಿಕೊಂಡದ್ದನ್ನು ಒಪ್ಪಿಗೆ ಎನ್ನುತ್ತೀರಿ. ನಾಚಿಕೆಯಾಗುವುದಿಲ್ಲವೇ ನಿಮಗೆ? ಇರಲಿ, ನಿಮ್ಮ ನಿಯಮವೇ ಇರಲಿ. ನಾಳೆಯ ಸಭೆ ನಮ್ಮ ಮನೆಯಲ್ಲಿ, ಈ ಕೆರೆಯ ತಳದಲ್ಲಿ. ಇಬ್ಬರೂ ಬಂದು ಕೂತು ನಿಮ್ಮ ತಕರಾರು ಹೇಳಿ. ಅಲ್ಲಿ ನೀವು ಬಾಯಿ ಬಿಡದಿದ್ದರೆ, ಗಣಿ ಬೇಡವೆಂದು ನೀವೂ ಒಪ್ಪಿದಿರಿ ಎಂದು ತಿಳಿಯುತ್ತೇವೆ."